ಬಚ್ಚಲುಮನೆಯಲ್ಲಿ ಕೂಡಿಹಾಕಿದ ನಾಯಿ

ಆ ನಾಯಿಯನ್ನು ನಾನು ಉಳಿಸಿದ್ದು ಕನಿಕರದಿಂದಲ್ಲ. ಆಮೇಲೆ ನಮ್ಮ ಬೀದಿಯವರೂ ನೆಂಟರೂ ನನ್ನನ್ನು ದಯೆಯುಳ್ಳ ಹೆಂಗಸು ಎಂದು ಮಾತಾಡಿಕೊಂಡದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ನಾಯಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಅದು ಹತ್ತು ದಿನ ಸಾಯದೆ ಇರಬೇಕಿತ್ತು, ನನಗೆ ಬೇಕಾಗಿದ್ದದ್ದು ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹಳೇಬೀಡಿನಿಂದ ಬಸ್ತಿಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಬಾಡಿಗೆ ಮನೆ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ನನ್ನ ಗಂಡ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಅರಸೀಕೆರೆಯವರು. ಮಗಳಿಗೆ ಏಳು ವರ್ಷ, ಮಗನಿಗೆ ಮೂರು.

ನಾಯಿಯ ಭಯ ನನಗೆ ಚಿಕ್ಕಂದಿನಿಂದ ಇದ್ದದ್ದಲ್ಲ, ತರಬೇತಿಯಲ್ಲಿ ಬಂದದ್ದು. ನಾನು ನರ್ಸಿಂಗ್ ಕಲಿಯುತ್ತಿದ್ದಾಗ ವಾರ್ಡಿಗೆ ಎಂಟು ವರ್ಷದ ಹುಡುಗನೊಬ್ಬನನ್ನು ತಂದಿದ್ದರು. ಮನೆಯಲ್ಲೇ ಸಾಕಿದ್ದ ಮರಿ ಆಡುತ್ತಾ ಬೆರಳು ಕಚ್ಚಿತ್ತಂತೆ. ಅರಿಸಿನ ಹಚ್ಚಿ, ಯಾರಿಂದಲೋ ದಾರ ಕಟ್ಟಿಸಿ ಸುಮ್ಮನಾಗಿದ್ದರು. ಎರಡು ತಿಂಗಳಾದ ಮೇಲೆ ಅವನಿಗೆ ನೀರಿನ ಲೋಟ ಕಂಡರೆ ಗಂಟಲು ಸೆಟೆದುಕೊಳ್ಳತೊಡಗಿತ್ತು. ಫ್ಯಾನಿನ ಗಾಳಿ ಮುಖಕ್ಕೆ ತಾಗಿದರೂ ಕತ್ತು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತಿತ್ತು. ಕೈಕಾಲುಗಳನ್ನು ಮಂಚಕ್ಕೆ ಕಟ್ಟಿದ್ದರು. ಕಟ್ಟಿದವರಲ್ಲಿ ನಾನೂ ಒಬ್ಬಳು. ನಡುನಡುವೆ ಅವನಿಗೆ ಪೂರ್ತಿ ತಿಳಿವಳಿಕೆ ಇರುತ್ತಿತ್ತು. “ಬಿಚ್ಚಕ್ಕಾ, ಕಚ್ಚಲ್ಲ” ಎಂದು ನನ್ನನ್ನು ಬೇಡಿಕೊಂಡ. ಮೂರನೆಯ ದಿನ ಸತ್ತ. ಅಲ್ಲಿಂದ ಮುಂದೆ ನಾಯಿ ಕಡಿತದ ಗಾಯ ತೊಳೆಯುವಾಗಲೆಲ್ಲ ನನ್ನ ಕೈ ಅಗತ್ಯಕ್ಕಿಂತ ಜೋರಾಗಿ ಉಜ್ಜುತ್ತಿತ್ತು.

ಆ ವಾರ ಹಾಗೆ ಉಜ್ಜಿದ್ದು ನಮ್ಮ ಎದುರು ಮನೆಯಾಕೆಯ ಕೆನ್ನೆಯನ್ನು. ಹುಚ್ಚು ನಾಯಿಯೊಂದು ಬೀದಿಯಲ್ಲಿ ಜೊಲ್ಲು ಸುರಿಸಿಕೊಂಡು ಓಡಿತ್ತು. ಆಕೆ ಅಂಗಳ ಗುಡಿಸುತ್ತಾ ಬಾಗಿದ್ದಳು, ತಲೆಯೆತ್ತುವಷ್ಟರಲ್ಲಿ ಮುಖಕ್ಕೇ ಬಾಯಿ ಹಾಕಿತು. ಕೆನ್ನೆ ಸೀಳಿ ಒಳಗಿನ ಹಲ್ಲು ಕಾಣುತ್ತಿದ್ದವು. ಇನ್ನೂ ಇಬ್ಬರನ್ನು ಕಚ್ಚಿದ ಮೇಲೆ ಅದನ್ನು ಯಾರೋ ತೋಟದಲ್ಲಿ ಹೊಡೆದು ಕೊಂದರು. ಆದರೆ ಸಾಯುವ ಮುಂಚೆ ಅದು ಎಷ್ಟು ನಾಯಿಗಳನ್ನು ಕಚ್ಚಿತ್ತೋ ಹೇಳುವವರಿಲ್ಲ. ಆಕೆಯ ಗಂಡ ರಾಗಿ, ತೆಂಗು ಬೆಳೆಯುವ ರೈತ, ಜೋರಾಗಿ ಮಾತಾಡಿದವನೇ ಅಲ್ಲ. ಅವನು ಬೀದಿಯ ಗಂಡಸರನ್ನು ಸೇರಿಸಿ, ನಾಯಿ ಅನ್ನುವುದು ಒಂದೂ ಉಳಿಯಬಾರದು ಎಂದ. ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಶುರುವಾಯಿತು. ಮೊದಲ ನಾಯಿ ಸತ್ತದ್ದು ನಮ್ಮ ಗೇಟಿನ ಮುಂದೆ. ಬೀದಿಯ ಎಲ್ಲರ ಮನೆಯ ಮುದ್ದೆ ತಿಂದು ಬೆಳೆದ ಕಂದು ಬಣ್ಣದ ನಾಯಿ ಅದು. ಕರೆದ ಕೂಡಲೇ ಬಾಲ ಆಡಿಸಿಕೊಂಡು ಬಂತು. ಹಾರೆಯ ಒಂದೇ ಏಟಿಗೆ ಸೊಂಟ ಮುರಿಯಿತು. ಆಗಲೂ ಅದು ಓಡಲು ನೋಡಲಿಲ್ಲ. ಮುಂಗಾಲಿನಲ್ಲಿ ತೆವಳಿಕೊಂಡು ಹೊಡೆದವನ ಕಾಲ ಬಳಿಗೇ ಬಂತು. ಎರಡನೆಯ ಏಟು ತಲೆಗೆ ಬಿತ್ತು. ನಾನು ಮಗಳ ಕಿವಿ ಮುಚ್ಚಿ ಒಳಗೆ ಎಳೆದುಕೊಂಡೆ. ಕಿಟಕಿಯ ಆಚೆ ಇನ್ನೂ ಮೂರು ಸತ್ತವು. ಒಂದನ್ನು ಹಗ್ಗದ ಕುಣಿಕೆ ಹಾಕಿ ಕರೆಂಟ್ ಕಂಬಕ್ಕೆ ಬಿಗಿದು ಹೊಡೆದರು. ಕೂಗು ನಿಂತ ಮೇಲೂ ದೊಣ್ಣೆಯ ಸದ್ದು ಸ್ವಲ್ಪ ಹೊತ್ತು ನಿಲ್ಲಲಿಲ್ಲ.

ಐದನೆಯ ನಾಯಿ ನಮ್ಮ ಬೀದಿಯದಲ್ಲ. ಎಲ್ಲಿಂದ ಬಂದಿತ್ತೋ, ಕಿವಿ ಅರ್ಧ ನಿಂತು ಅರ್ಧ ಬಾಗಿದ, ಬೆನ್ನು ಕಪ್ಪು, ಹೊಟ್ಟೆ ಕಂದು ಇದ್ದ ದೊಡ್ಡ ನಾಯಿ. ಹಿಂಗಾಲಿಗೆ ಏಟು ಬಿದ್ದು ಮೂರು ಕಾಲಲ್ಲಿ ಕುಪ್ಪಳಿಸುತ್ತಾ ಪಕ್ಕದ ಓಣಿಯಿಂದ ನಮ್ಮ ಹಿತ್ತಲಿಗೆ ನುಗ್ಗಿತು. ಹಿತ್ತಲಿನಲ್ಲಿ ನನ್ನ ಮಗ ಮಣ್ಣಿನಲ್ಲಿ ಕೂತಿದ್ದ. ಇವರು, ನನ್ನ ಗಂಡ, ಓಡಿಹೋಗಿ ಅವನನ್ನು ಎತ್ತಿಕೊಳ್ಳಲು ಬಾಗಿದರು. ಗೋಡೆಗೂ ಇವರಿಗೂ ನಡುವೆ ಸಿಕ್ಕಿಕೊಂಡ ನಾಯಿ ಇವರ ಮೀನಖಂಡಕ್ಕೆ ಹಲ್ಲು ಇಳಿಸಿತು. ಇವರು ಒದ್ದರು. ಅದು ಉರುಳಿಕೊಂಡು ಬಚ್ಚಲುಮನೆಯ ಒಳಗೆ ಬಿತ್ತು. ನಾನು ಓಡಿ ಬಂದು ಹೊರಗಿನಿಂದ ಚಿಲಕ ಹಾಕಿದೆ.

ಗಂಡಸರು ಹಿತ್ತಲಿಗೆ ಬಂದರು. ಎದುರು ಮನೆಯವನ ಹಾರೆಯ ತುದಿಗೆ ಕೂದಲು ಮೆತ್ತಿತ್ತು.

“ಬಾಗ್ಲು ತೆಗೀರಿ ನರ್ಸಮ್ಮ. ಮೇಷ್ಟ್ರಿಗೆ ಕಚ್ಚೈತೆ, ಕಣ್ಣಾರೆ ಕಂಡಿವ್ನಿ.”

“ಕಚ್ಚಿರೋದಕ್ಕೇ ಸಾಯಿಸಬೇಡಿ ಅಂತಿರೋದು” ಎಂದೆ. “ಈಗ ಸತ್ರೆ ಅದಕ್ಕೆ ಹುಚ್ಚಿತ್ತೋ ಇಲ್ವೋ ತಿಳಿಯೋದು ಹೆಂಗೆ? ತಲೆ ಕತ್ತರಿಸಿ ಐಸಲ್ಲಿಟ್ಟು ಪರೀಕ್ಷೆಗೆ ಬೆಂಗಳೂರಿಗೆ ತಗೊಂಡು ಹೋಗ್ಬೇಕು. ಯಾರು ಹೋಗ್ತೀರಿ ಹೇಳಿ. ಹತ್ತು ದಿನ ಕೂಡಿಹಾಕಿ ನೋಡ್ತೀನಿ. ಹುಚ್ಚಿದ್ರೆ ಅಷ್ಟರಲ್ಲಿ ತಾನೇ ಸಾಯುತ್ತೆ.”

“ಸಾಯದೇ ಇದ್ರೆ?”

“ಆಗ ನೀವೇ ಬಂದು ಕೊಲ್ಲಿ.”

ಅವನು ಹಾರೆಯನ್ನು ನೆಲಕ್ಕೆ ಊರಿ ನನ್ನ ಮುಖ ನೋಡಿದ. ಹೆಂಡತಿಗೆ ದಿನಾ ಹೊಟ್ಟೆಗೆ ಸೂಜಿ ಚುಚ್ಚುತ್ತಿದ್ದವಳು ನಾನು. ಆ ಕಾರಣಕ್ಕೆ ಸುಮ್ಮನೆ ಹೋದ.

ಅವತ್ತಿನಿಂದ ಇವರಿಗೂ ಸೂಜಿ ಶುರು. ಆಗ ನಮಗೆ ಬರುತ್ತಿದ್ದದ್ದು ಹಳೆಯ ಕಾಲದ ಲಸಿಕೆ. ಹೊಕ್ಕುಳ ಸುತ್ತ ಜಾಗ ಬದಲಾಯಿಸುತ್ತಾ ದಿನಕ್ಕೊಂದರಂತೆ ಹದಿನಾಲ್ಕು ದಿನ ಚುಚ್ಚಬೇಕು. ನಾಯಿ ಹತ್ತು ದಿನ ಚೆನ್ನಾಗಿದ್ದರೆ ಅಲ್ಲಿಗೆ ನಿಲ್ಲಿಸಬಹುದು. ಬೆಳಿಗ್ಗೆ ಎದ್ದು ಗಂಡನನ್ನು ಮಂಚದ ಮೇಲೆ ಮಲಗಿಸಿ, ಅಂಗಿ ಎತ್ತಿಸಿ, ಚರ್ಮ ಹಿಡಿದು ಎಳೆದು ಸೂಜಿ ಹಾಕುತ್ತಿದ್ದೆ. ಮೂರು ದಿನಕ್ಕೆ ಹೊಟ್ಟೆಯ ತುಂಬ ನಿಂಬೆಕಾಯಿ ಗಾತ್ರದ ಗಂಟುಗಳು. ಪ್ಯಾಂಟಿನ ಬೆಲ್ಟ್ ಹಾಕಲಾಗದೆ ಇವರು ಲುಂಗಿಯಲ್ಲಿ ಮನೆಯಲ್ಲೇ ಉಳಿದರು. ನಾವೆಲ್ಲ ಹಿತ್ತಲಲ್ಲಿ ಹಳೆಯ ಸೀರೆಯ ಮರೆ ಕಟ್ಟಿಕೊಂಡು ಸ್ನಾನ ಮಾಡಿದೆವು. ಬಚ್ಚಲುಮನೆಯ ಬಾಗಿಲ ಸಂದಿಯಿಂದ ತಟ್ಟೆ ತಳ್ಳಿದರೆ ಒಳಗೆ ಗುರ್ ಎನ್ನುತ್ತಾ ಮುದ್ದೆ ತಿನ್ನುವ ಸದ್ದು. ನನಗೆ ಬೇಕಾಗಿದ್ದದ್ದು ಅದೇ. ತಿನ್ನುತ್ತಿದೆ, ನೀರು ಕುಡಿಯುತ್ತಿದೆ. ಆಸ್ಪತ್ರೆಯ ಕೇಸ್ ಶೀಟು ಬರೆದಂತೆ ಅದನ್ನು ನಾನು ಒಂದು ಚೀಟಿಯಲ್ಲಿ ಬರೆದಿಡುತ್ತಿದ್ದೆ.

ನಾಲ್ಕನೆಯ ದಿನ ದನದ ಡಾಕ್ಟರನ್ನು ಕರೆಸಿದೆ. ಅವರು ಗೋಣಿಚೀಲ ಮುಚ್ಚಿ ಅದರ ಮೇಲೆ ಮಂಡಿ ಊರಿ ಒತ್ತಿ ಹಿಡಿದರು. ಕತ್ತಿನ ಕೂದಲು ಸರಿಸಿದಾಗ ತಂತಿ ಕಾಣಿಸಿತು. ಸೈಕಲ್ ಬ್ರೇಕಿನ ತಂತಿ. ಮರಿಯಾಗಿದ್ದಾಗ ಯಾರೋ ಕಟ್ಟಿದ್ದರು, ಕತ್ತು ದಪ್ಪವಾಗುತ್ತಾ ಹೋದಂತೆ ತಂತಿ ಮಾಂಸದೊಳಗೆ ಇಳಿದಿತ್ತು. ಇಕ್ಕಳದಿಂದ ಕತ್ತರಿಸಿ ಎಳೆದಾಗ ಕೀವು ನಮ್ಮಿಬ್ಬರ ಕೈಮೇಲೂ ಹರಿಯಿತು. ಇಷ್ಟು ವರ್ಷ ಗಾಯಗಳ ನಡುವೆ ಇದ್ದ ನಾನು ಗೋಡೆಗೆ ಒರಗಿಕೊಂಡೆ.

ಡಾಕ್ಟರು ಬೆನ್ನು ಸವರಿ ನೋಡಿದರು. “ಬೆರಕೆ ಸಿಸ್ಟರ್. ತಾಯಿಯೋ ತಂದೆಯೋ ಅಲ್ಸೇಷಿಯನ್ ಇರ್ಬೇಕು. ಬಿಕ್ಕೋಡು ಕಡೆ ಎಸ್ಟೇಟ್‌ನಲ್ಲಿ ಇಂಥವು ಹುಟ್ತಾವೆ. ಜಾತಿದಲ್ಲ ಅಂತ ಆಮೇಲೆ ಲಾರಿಗೆ ಹಾಕಿ ಎಲ್ಲಾದ್ರೂ ಬಿಡ್ತಾರೆ.” ಮುರಿದ ಹಿಂಗಾಲಿಗೆ ಬಿದಿರಿನ ಸೀಳು ಕಟ್ಟಿದರು. ಕತ್ತಿಗೆ ಏನೂ ಹಾಕುವಂತಿಲ್ಲದ್ದರಿಂದ ಎದೆಯ ಸುತ್ತ ಹಳೆಯ ಚೀಲದ ಪಟ್ಟಿ ಬಿಗಿದು ಸೀಬೆ ಮರಕ್ಕೆ ಹಗ್ಗ ಹಾಕಿದರು.

ಕಿವಿಯ ತುದಿ ಹರಿದಿತ್ತು. “ಇದು ದೊಣ್ಣೆ ಏಟೋ ಹಲ್ಲಿನದೋ?” ಎಂದು ಕೇಳಿದೆ.

ಅವರು ಬಹಳ ಹೊತ್ತು ನೋಡಿದರು. “ಹೇಳೋಕಾಗಲ್ಲ. ಹುಚ್ಚು ನಾಯಿ ಇದನ್ನೂ ಕಚ್ಚಿದ್ರೆ ರೋಗ ಹೊರಗೆ ಬರೋಕೆ ತಿಂಗಳುಗಟ್ಟಲೆ ಹಿಡಿಯಬಹುದು. ನಿಮ್ಮ ಹತ್ತು ದಿನದ ಲೆಕ್ಕ ಯಜಮಾನರ ಕಾಲಿಗೆ ಮಾತ್ರ. ಸಾಕೋದಾದ್ರೆ ಆರು ತಿಂಗಳು ದೂರ ಕಟ್ಟಿ ನೋಡ್ಬೇಕು. ಮಕ್ಕಳಿರೋ ಮನೆ.”

“ಸಾಕೋದು ಯಾರು?” ಎಂದೆ.

ಆದರೆ ಮಗಳು ಅಷ್ಟರಲ್ಲಿ ಅದಕ್ಕೆ ಹೆಸರಿಟ್ಟಾಗಿತ್ತು. ಬಚ್ಚಲುಮನೆಯ ಬಾಗಿಲ ಹೊರಗೆ ಕೂತು, ಇವತ್ತು ಶಾಲೆಯಲ್ಲಿ ಯಾರು ಯಾರಿಗೆ ಹೊಡೆದರು ಎಂದೆಲ್ಲ ಅದಕ್ಕೆ ಹೇಳುತ್ತಿದ್ದಳು. ಸೀಬೆ ಮರಕ್ಕೆ ಕಟ್ಟಿದ ಮೇಲೆ ಹಗ್ಗಕ್ಕಿಂತ ಎರಡು ಮಾರು ಆಚೆ ನಾನು ಒಂದು ಗೆರೆ ಎಳೆದು, ದಾಟಿದರೆ ಬರೆ ಹಾಕುತ್ತೇನೆ ಎಂದೆ. ಅವಳು ಗೆರೆಯ ಮೇಲೆ ಸರಿಯಾಗಿ ಹೆಬ್ಬೆರಳಿಟ್ಟು ಕೂರುತ್ತಿದ್ದಳು. ನಾಯಿ ಅವಳನ್ನು ನೋಡುತ್ತಿತ್ತು. ಬಾಲ ಆಡಿಸುತ್ತಿರಲಿಲ್ಲ, ಗುರುಗುಡುತ್ತಲೂ ಇರಲಿಲ್ಲ. ಇವರು ಹಿತ್ತಲಿಗೆ ಬಂದರೆ ಮಾತ್ರ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಹಲ್ಲು ತೋರಿಸುತ್ತಿತ್ತು.

ಇವರ ವಿಷಯ ಇಲ್ಲಿ ಹೇಳಬೇಕು. ಇವರು ಕೆಟ್ಟವರಲ್ಲ. ಕುಡಿಯುತ್ತಿರಲಿಲ್ಲ, ನನಗೆ ಒಂದು ದಿನ ಕೈ ಮಾಡಿದವರಲ್ಲ. ಆದರೆ ಮಕ್ಕಳು ಹೊಡೆತ ತಿಂದೇ ಕಲಿಯಬೇಕು ಎಂದು ನಂಬಿದ್ದರು. ಶಾಲೆಯಲ್ಲಿ ಇವರ ದೊಣ್ಣೆಗೆ ಹೆಸರಿತ್ತು, ಪೋಷಕರೇ ಬಂದು “ಚರ್ಮ ಸುಲಿದ್ರೂ ಸರಿ ಮೇಷ್ಟ್ರೇ, ಲೆಕ್ಕ ಕಲ್ಸಿ” ಎನ್ನುತ್ತಿದ್ದರು. ಮನೆಯಲ್ಲಿ ಮೇಜಿನ ಮೇಲೆ ಉರುಟಾದ ಮರದ ರೂಲು ದೊಣ್ಣೆ ಇರುತ್ತಿತ್ತು. ಸಂಜೆ ಮಗ್ಗಿ ಒಪ್ಪಿಸುವಾಗ ಮಗಳ ಕಣ್ಣು ಪುಸ್ತಕದ ಮೇಲಲ್ಲ, ಅದರ ಮೇಲಿರುತ್ತಿತ್ತು. ಆ ವಿಷಯದಲ್ಲಿ ನಾನು ಏನೂ ಹೇಳಿದವಳಲ್ಲ. ನಾನೂ ಹೊಡೆಯುತ್ತಿದ್ದೆ. ಡ್ಯೂಟಿ ಮುಗಿಸಿ ಸಾಕಾಗಿ ಬಂದ ದಿನ ಅನ್ನ ಚೆಲ್ಲಿದರೆ ತೊಡೆ ಹಿಡಿದು ಚಿವುಟುತ್ತಿದ್ದೆ. ಎಲ್ಲರ ಮನೆಯಲ್ಲೂ ಹಾಗೇ ಎಂದುಕೊಂಡಿದ್ದೆ, ಬಹುಮಟ್ಟಿಗೆ ಅದು ನಿಜವೂ ಆಗಿತ್ತು.

ಏಳನೆಯ ದಿನ ಸಂಜೆ ಇವರು ಹಿತ್ತಲ ಜಗಲಿಯ ಮೇಲೆ ಕೂತು ಮಗಳಿಗೆ ಮಗ್ಗಿ ಕೇಳುತ್ತಿದ್ದರು. ಹೊಟ್ಟೆಯ ಗಂಟುಗಳು ಬಾತು ಜ್ವರವೂ ಇತ್ತು. ನಾನು ಒಳಗೆ ಒಲೆಯ ಮುಂದಿದ್ದೆ. ಏಳೆಂಟ್ಲ ಎಷ್ಟು ಎಂಬಲ್ಲಿ ಮಗಳು ನಿಂತಳು. ಮತ್ತೆ ಕೇಳಿದರು. ಮತ್ತೆ ನಿಂತಳು.

“ನೋಡೋದು ನಾಯಿನ. ಮಗ್ಗಿ ಎಲ್ಲಿಂದ ಬರುತ್ತೆ? ಕೈ ಚಾಚು.”

ಮೊದಲ ಏಟಿನ ಸದ್ದು ನನಗೆ ಕೇಳಿಸಿತು. ಎರಡನೆಯದಕ್ಕೆ ಅವಳು ಕಿರುಚಿದಳು. ಆಮೇಲೆ ಕೇಳಿಸಿದ್ದು ನಾಯಿಯ ಎದೆಯ ಪಟ್ಟಿ ಹರಿದ ಸದ್ದು.

ನಾನು ಬಾಗಿಲಿಗೆ ಬರುವಷ್ಟರಲ್ಲಿ ನಾಯಿ ಜಗಲಿಯ ಮೇಲಿತ್ತು. ಬಿದಿರು ಕಟ್ಟಿದ ಕಾಲನ್ನು ಎಳೆದುಕೊಂಡೇ ಹಾರಿತ್ತು. ಇವರ ಬಲ ಮುಂಗೈ ಅದರ ಬಾಯಲ್ಲಿತ್ತು, ರೂಲು ದೊಣ್ಣೆ ಕೆಳಗೆ ಬಿದ್ದಿತ್ತು. ಇವರು ಎಡಗೈಯಲ್ಲಿ ಅದರ ಕತ್ತಿನ ಹಸಿ ಗಾಯವನ್ನು ಹಿಡಿದು ತಿರುಚಿದರು. ಅದು ಬಿಟ್ಟಿತು. ಬಿಟ್ಟ ಕೂಡಲೇ ಇವರು ಗೋಡೆಗೆ ಒರಗಿಸಿದ್ದ ಸೌದೆಯ ಕೊರಡು ಎತ್ತಿಕೊಂಡರು. ಬೆನ್ನಿಗೆ ಒಂದು, ಪಕ್ಕೆಗೆ ಒಂದು, ಮುರಿದ ಕಾಲಿಗೆ ಒಂದು. ನಾಯಿ ಜಗಲಿಯಿಂದ ಉರುಳಿ ಅಂಗಳಕ್ಕೆ ಬಿತ್ತು. ಇವರೂ ಇಳಿದರು. ಇವರ ಮುಖವನ್ನು ನಾನು ಹಾಗೆ ಯಾವತ್ತೂ ನೋಡಿರಲಿಲ್ಲ. ಹತ್ತು ವರ್ಷ ಒಟ್ಟಿಗೆ ಉಂಡ ಮನುಷ್ಯ ಅಲ್ಲಿರಲಿಲ್ಲ. ಹೊಡೆಯುತ್ತಾ ಏನೋ ಹೇಳುತ್ತಿದ್ದರು, ಪದಗಳು ತಿಳಿಯುತ್ತಿರಲಿಲ್ಲ.

ಮಗಳು ಜಗಲಿಯಿಂದ ಹಾರಿ ನಾಯಿಯ ಮೇಲೆ ಬಿದ್ದಳು. ಎತ್ತಿದ ಕೊರಡು ಆಗಲೇ ಇಳಿಯುತ್ತಿತ್ತು. ಅವಳು ಎಡಗೈ ಅಡ್ಡ ಕೊಟ್ಟಳು. ಒಣ ತೆಂಗಿನ ಗರಿ ಮುರಿದ ಹಾಗೆ ಕೇಳಿಸಿತು.

ಆಗ ನಾನೇನು ಮಾಡಿದೆ ಎನ್ನುವುದು ನನಗೆ ಚೆನ್ನಾಗಿ ನೆನಪಿದೆ. ಆ ಕೊರಡನ್ನು ಕಿತ್ತುಕೊಂಡು ಗಂಡನಿಗೆ ಹೊಡೆದೆ. ಭುಜಕ್ಕೆ ಒಂದು ಸಲ, ಅವರು ತಿರುಗಿದ ಮೇಲೆ ಬೆನ್ನಿಗೆ ಇನ್ನೊಂದು ಸಲ. ಮೂರನೆಯದನ್ನು ತಲೆಗೇ ಎತ್ತಿದ್ದೆ. ಜಗಲಿಯ ಅಂಚಿನಲ್ಲಿ ಮಗ ನಿಂತು ನೋಡುತ್ತಿದ್ದ. ಅವನು ಅಳುತ್ತಿರಲಿಲ್ಲ, ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಂಡಿದ್ದ. ನಾನು ಕೊರಡು ಬಿಸಾಡಿದೆ. ಇವರು ಅಂಗಳದಲ್ಲೇ ಕುಸಿದು ಕೂತರು.

ಮಗಳ ಕೈ ಮುಂಗೈಯ ನಡುವೆ ಬಾಗಿತ್ತು. ಅವಳು ಇನ್ನೂ ನಾಯಿಯ ಮುರಿದ ಕಾಲಿನ ಮೇಲೆಯೇ ಮಲಗಿದ್ದಳು. ಅದರ ಮುಖ ಅವಳ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಅದು ನರಳುತ್ತಿತ್ತು, ಕಣ್ಣುಗುಡ್ಡೆ ಬೆಳ್ಳಗೆ ತಿರುಗಿತ್ತು, ಆದರೆ ಅವಳಿಗೆ ಹಲ್ಲು ತಾಗಿಸಲಿಲ್ಲ. ನಾನು ಅವಳನ್ನು ಎತ್ತಿ, ಬಟ್ಟೆ ಬಿಚ್ಚಿ, ಮೈಯೆಲ್ಲ ಹುಡುಕಿದೆ. ಒಂದು ಗೀರೂ ಇರಲಿಲ್ಲ. ಅದು ನಾಯಿಯ ಒಳ್ಳೆಯತನವೋ, ಕಚ್ಚಲು ಶಕ್ತಿ ಉಳಿದಿರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮಗನನ್ನು ಎದುರು ಮನೆಯಾಕೆಯ ಹತ್ತಿರ ಬಿಟ್ಟು, ಎದುರು ಮನೆಯವನು ಕರೆತಂದ ಜೀಪಿನಲ್ಲಿ ಬೇಲೂರಿಗೆ ಹೋದೆವು. ದಾರಿಯುದ್ದಕ್ಕೂ ಇವರ ಮುಂಗೈಗೆ ನಾನು ಸುತ್ತಿದ್ದ ಟವೆಲ್ಲಿನಿಂದ ರಕ್ತ ಒಸರುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಮಗಳ ಕೈ ನೋಡಿ, “ಏನಾಯ್ತು ಪುಟ್ಟಿ?” ಎಂದು ಕೇಳಿದರು.

“ಬಿದ್ದೆ” ಎಂದಳು. ಯಾರೂ ಅವಳಿಗೆ ಹಾಗೆ ಹೇಳು ಎಂದು ಹೇಳಿಕೊಟ್ಟಿರಲಿಲ್ಲ.

ಇವರು ಗೋಡೆಯ ಕಡೆ ನೋಡುತ್ತಾ ನಿಂತಿದ್ದರು. ತಿರುಗದೆಯೇ, “ಬಿದ್ದಿಲ್ಲ ಸಾರ್. ನಾನು ಹೊಡೆದೆ. ನಾಯಿಗೆ ಹೊಡೆಯೋದು ಇವಳಿಗೆ ಬಿತ್ತು” ಎಂದರು. ಆಮೇಲೆ, “ಅದಕ್ಕೆ ಮುಂಚೆ ಇವಳಿಗೂ ಹೊಡೀತಿದ್ದೆ” ಎಂದರು.

ಡಾಕ್ಟರು ಮೂಳೆ ಕೂಡಿಸಲು ಕೈ ಎಳೆಯುವಾಗ ಮಗಳನ್ನು ಹಿಡಿದುಕೊಳ್ಳಲು ಇವರಿಗೇ ಹೇಳಿದರು. ಅವಳ ಕಿರುಚಾಟ ಇವರ ಎದೆಗೇ ತಾಗುವಂತೆ ಹಿಡಿದುಕೊಂಡಿದ್ದರು.

ಎರಡನೆಯ ಕಡಿತವಾದ್ದರಿಂದ ನನ್ನ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ನಾಯಿ ಇನ್ನೂ ಹತ್ತು ದಿನ ಬದುಕಬೇಕು, ಇವರಿಗೆ ಹದಿನಾಲ್ಕೂ ಸೂಜಿ ಆಗಬೇಕು. ದನದ ಡಾಕ್ಟರು ಬಂದು ಕಾಲಿಗೆ ಹೊಸ ಬಿದಿರು ಕಟ್ಟಿ ಹೋದರು. ಎರಡು ಪಕ್ಕೆಲುಬು ಮುರಿದಿವೆ, ಉಳಿಯುವುದು ಕಷ್ಟ ಎಂದರು. ಅದು ಮತ್ತೆ ಬಚ್ಚಲುಮನೆ ಸೇರಿ ಎರಡು ದಿನ ನೀರನ್ನೂ ಮುಟ್ಟಲಿಲ್ಲ. ನೀರು ಮುಟ್ಟುವುದಿಲ್ಲ ಎಂದರೆ ನನಗೆ ಏನು ನೆನಪಾಗುತ್ತಿತ್ತೆಂದು ಹೇಳಬೇಕಿಲ್ಲ. ಮೂರನೆಯ ದಿನ ನಾಲಿಗೆ ನೀರಿಗೆ ತಾಗಿದ ಸದ್ದು ಕೇಳಿಸಿ ನಾನು ಬಾಗಿಲಿಗೆ ಹಣೆ ಹಚ್ಚಿ ನಿಂತುಬಿಟ್ಟೆ.

ಸುದ್ದಿ ತಿಳಿದು ಅತ್ತೆ ಅರಸೀಕೆರೆಯಿಂದ ಬಸ್ಸಿನಲ್ಲಿ ಬಂದರು. ಮೊಮ್ಮಗಳ ಪಟ್ಟಿ ಹಾಕಿದ ಕೈ ನೋಡಿ ಅತ್ತರು. ಆಮೇಲೆ ನಾಯಿಗೆ ಒಂದು ದಾರಿ ಹೇಳಿದರು. “ನಮ್ಮೂರ ರೈಲ್ವೆ ಸ್ಟೇಷನ್ನಿಗೆ ತಂದ್ಬಿಡಮ್ಮ. ಯಾವುದಾದ್ರೂ ಗೂಡ್ಸ್ ಗಾಡಿ ಹತ್ತಿಸಿದ್ರೆ ಹುಬ್ಳಿಗೋ ಗುಂತಕಲ್ಲಿಗೋ ಹೋಗುತ್ತೆ. ಮನೇಲಿ ಚಿಕ್ಕ ಮಕ್ಕಳನ್ನ ಇಟ್ಕೊಂಡು ಇದ್ಯಾಕೆ?” ನನಗೂ ಅದು ಸರಿ ಎನ್ನಿಸಿತ್ತು.

ಮಗಳನ್ನು ಸಮಾಧಾನ ಮಾಡಲು ಅತ್ತೆ ಅವಳ ತಲೆ ಬಾಚುತ್ತಾ ಹೇಳಿದರು, “ಅಪ್ಪನ ಮೇಲೆ ಸಿಟ್ಟು ಬೇಡ ಕಣೇ. ನಿಮ್ಮ ತಾತ ಇವನಿಗೆ ಬೆಲ್ಟಲ್ಲಿ ಹೊಡೀತಿದ್ರು. ಹಂಗೆ ಏಟು ತಿಂದಿದ್ದಕ್ಕೇ ಇವನು ಮೇಷ್ಟ್ರಾಗಿದ್ದು.”

“ಅಪ್ಪ ಅಳ್ತಿದ್ರಾ ಅಜ್ಜಿ?”

“ಅಳದೆ ಮತ್ತೆ? ಹತ್ತು ವರ್ಷ ಆಗೋವರೆಗೂ ಹಾಸಿಗೇಲಿ ಉಚ್ಚೆ ಹೊಯ್ಕೋತಿದ್ದ. ತಾತನ ಬೂಟಿನ ಸದ್ದು ಕೇಳಿದ್ರೆ ಮಂಚದ ಕೆಳಗೆ ಸೇರ್ಕೊಳ್ಳೋನು.” ಅತ್ತೆ ನಗುತ್ತಾ ಹೇಳಿದರು. ಹಳೆಯ ಮನೆಮಾತು, ಅವರ ಮಟ್ಟಿಗೆ ತಮಾಷೆ.

ಇವರು ಕನ್ನಡಿಯ ಮುಂದೆ ಎಡಗೈಯಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದರು. ಅರ್ಧ ಕೆನ್ನೆಯ ಸೋಪು ಹಾಗೇ ಇರುವಾಗಲೇ ಹೊರಗೆ ಹೋದರು. ಹಿತ್ತಲಿನ ಕಿಟಕಿಯಿಂದ ನೋಡಿದೆ. ಬಚ್ಚಲುಮನೆಯ ಬಾಗಿಲಿನಿಂದ ದೂರದಲ್ಲಿ, ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದರು.

ಹದಿನೇಳನೆಯ ದಿನ ನಾಯಿ ಬದುಕಿತ್ತು. ಬೆಳಿಗ್ಗೆ ಎದುರು ಮನೆಯವನು ಬಂದ. ಕೈಯಲ್ಲಿ ಹಾರೆ ಇರಲಿಲ್ಲ, ಆದರೆ ನಾನು ಕೊಟ್ಟ ಮಾತು ಅವನಿಗೆ ನೆನಪಿತ್ತು. “ಏನ್ಮಾಡ್ತೀರಿ ನರ್ಸಮ್ಮ? ನೀವು ಹೂಂ ಅಂದ್ರೆ ತೋಟಕ್ಕೆ ಒಯ್ದು ಒಂದೇ ಏಟಿಗೆ ಮುಗಿಸ್ತೀನಿ. ನರಳ್ಸಲ್ಲ.” ಅವನ ಹೆಂಡತಿಯ ಕೆನ್ನೆ ಮಾಯುತ್ತಿತ್ತು, ಸೂಜಿ ಮುಗಿದಿತ್ತು. ಅವನಿಗೂ ಆ ಭಾನುವಾರದ ಕಾವು ಇಳಿದಿತ್ತು. “ಸಂಜೆ ಹೇಳ್ತೀನಿ” ಎಂದೆ.

ಮಕ್ಕಳು ಅಜ್ಜಿಯ ಜೊತೆ ಕೆರೆಯ ಕಡೆ ಹೋಗಿದ್ದಾಗ ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ನಾನು ನನ್ನ ಭಯವನ್ನೆಲ್ಲ ಹೇಳಿದೆ. ಮಂಚಕ್ಕೆ ಕಟ್ಟಿದ್ದ ಆ ಹುಡುಗನ ವಿಷಯ ಇವರಿಗೆ ಅದುವರೆಗೆ ಹೇಳಿರಲಿಲ್ಲ, ಅದನ್ನೂ ಹೇಳಿದೆ. ಆರು ತಿಂಗಳು ಯಾವ ದಿನ ಬೇಕಾದರೂ ರೋಗ ಹೊರಗೆ ಬರಬಹುದು. ಬರದೇ ಇದ್ದರೂ, ಅಷ್ಟು ಹೊಡೆತ ತಿಂದ ನಾಯಿ ಮಗ ಓಡಿಬಂದು ಬಾಲ ಎಳೆದರೆ ಏನು ಮಾಡುತ್ತದೋ ಯಾರು ಬಲ್ಲರು. “ನನಗೆ ಬೇಡ ರೀ” ಎಂದೆ.

“ಈಗ ಅದನ್ನ ಕೊಲ್ಲಿಸಿದ್ರೆ ಮಗು ಏನು ತಿಳ್ಕೊಳ್ಳುತ್ತೆ?” ಎಂದರು. “ತಪ್ಪು ನಾಯಿದು ಅಂತ.”

“ನಿಮಗೆ ಮಾತು ಸುಲಭ. ಅದು ಮಗನ ಮುಖಕ್ಕೆ ಬಾಯಿ ಹಾಕಿದ್ರೆ ಹೊಲಿಯೋಳು ನಾನು.”

“ಹೌದು” ಎಂದರು. ವಾದ ಮಾಡಲಿಲ್ಲ. ಮುಂಗೈಯ ಬ್ಯಾಂಡೇಜನ್ನು ನೋಡಿಕೊಂಡರು. “ನನಗೂ ಅದನ್ನ ಕಂಡರೆ ಹೆದರಿಕೆ. ನಾನು ಹತ್ತಿರ ಹೋದ್ರೆ ಅದು ನೆಲಕ್ಕೆ ಒತ್ತಿಕೊಳ್ಳುತ್ತಲ್ಲ, ಮಗಳೂ ನನ್ನ ಮುಂದೆ ಹಾಗೇ ಕೂರ್ತಾಳೆ. ಮೊನ್ನೆ ಗೊತ್ತಾಯ್ತು ನನಗೆ.”

ಆ ಮಾತಿಗೆ ನಾನು ಕರಗಲಿಲ್ಲ. ಆ ದಿನಗಳಲ್ಲಿ ಇವರ ಮೇಲೆ ನನಗೆ ನಂಬಿಕೆಯೇ ಉಳಿದಿರಲಿಲ್ಲ. ನನ್ನ ಮೇಲೂ ಅಷ್ಟಾಗಿ ಉಳಿದಿರಲಿಲ್ಲ, ಆ ಮೂರನೆಯ ಏಟು ನನ್ನ ಕೈಯಲ್ಲಿ ಇನ್ನೂ ಇತ್ತು. ಆದರೆ ಇವರನ್ನು ಇವರ ಮಾತಿಗೇ ಕಟ್ಟಿಹಾಕುವ ದಾರಿ ಕಾಣಿಸಿತು, ನನ್ನ ಷರತ್ತುಗಳನ್ನು ಹೇಳಿದೆ. ನಾಯಿ ಇರುವುದಾದರೆ ಹಿತ್ತಲಿನಲ್ಲಿ ಚಪ್ಪಡಿ ಕಲ್ಲು ನಿಲ್ಲಿಸಿ ಬೇರೆ ಅಂಕಣ ಆಗಬೇಕು. ಆರು ತಿಂಗಳು ಮಕ್ಕಳು ಅದರೊಳಗೆ ಹೋಗಕೂಡದು. ಲಸಿಕೆ ಹಾಕಿಸಬೇಕು. ಊಟ ಹಾಕುವುದು ಇವರೇ, ಬೇರೆ ಯಾರೂ ಅಲ್ಲ. ಮತ್ತೆ ಮನೆಯಲ್ಲಿ ಮಕ್ಕಳ ಮೇಲೆ ಯಾರೂ ಕೈ ಎತ್ತಕೂಡದು.

“ನೀನೂ?” ಎಂದರು.

“ನಾನೂ.”

“ಸ್ಕೂಲಲ್ಲಿ?”

“ಸ್ಕೂಲಿಂದು ನೀವು ನೋಡ್ಕೊಳ್ಳಿ.”

ಇವರು ಎದ್ದು ಒಳಗೆ ಹೋಗಿ ರೂಲು ದೊಣ್ಣೆ ತಂದು, ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದ ಒಲೆಗೆ ಹಾಕಿದರು. ಒಳ್ಳೆಯ ಮರ, ಬೇಗ ಹತ್ತಿಕೊಳ್ಳಲಿಲ್ಲ.

ಸಂಜೆ ಎದುರು ಮನೆಯವನಿಗೆ ಬೇಡ ಎಂದೆ. ಅವನು ತಲೆ ಕೆರೆದುಕೊಂಡು, “ನಿಮ್ಮ ಇಷ್ಟ. ಆದ್ರೆ ಬೀದಿಗೆ ಬಂದ್ರೆ ನಾನು ಕೇಳೋನಲ್ಲ” ಎಂದ. ಎರಡು ದಿನ ಬಿಟ್ಟು ಚಪ್ಪಡಿ ಕಲ್ಲುಗಳನ್ನು ತನ್ನ ಗಾಡಿಯಲ್ಲಿ ಅವನೇ ತಂದುಕೊಟ್ಟ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಆರು ತಿಂಗಳು ನಾನು ಬೆಳಿಗ್ಗೆ ಎದ್ದ ಕೂಡಲೇ ಕಲ್ಲಿನ ಸಂದಿಯಿಂದ ಅದು ನೀರು ಕುಡಿಯುತ್ತದೆಯೇ ಎಂದು ನೋಡುತ್ತಿದ್ದೆ. ಸ್ವಲ್ಪ ಸಪ್ಪಗಿದ್ದರೂ ಮನಸ್ಸಿನಲ್ಲೇ ಎದುರು ಮನೆಯವನನ್ನು ಕರೆಯುತ್ತಿದ್ದೆ. ಇವರು ಶಾಲೆಯಲ್ಲಿ ಹೊಡೆಯುವುದನ್ನು ಬಿಡಲು ಇನ್ನೂ ಎರಡು ವರ್ಷ ಹಿಡಿಯಿತು. ನಾನೂ ಒಂದು ಸಲ ಮಾತು ಮುರಿದೆ. ಮಗನ ಕೆನ್ನೆಗೆ ಹೊಡೆದೆ. ಮಗಳು ಒಳಗಿನಿಂದ ಬಂದು ನನ್ನನ್ನೇ ನೋಡುತ್ತಾ ನಿಂತಳು.

ಮಗನಿಗೆ ಐದು ವರ್ಷವಾಗಿದ್ದಾಗ ನಾಯಿ ಅವನ ಕೈ ಕಚ್ಚಿತು. ತಟ್ಟೆಯಿಂದ ಮೂಳೆ ಕಿತ್ತುಕೊಳ್ಳಲು ಹೋಗಿದ್ದ. ಎರಡು ಹೊಲಿಗೆ. ಹಾಕಿದವಳು ನಾನೇ. ಇವರು ನಾಯಿಯ ಕಡೆ ನೋಡಿದರು, ಮೂಲೆಯಲ್ಲಿದ್ದ ಗುದ್ದಲಿಯ ಕಡೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಸ್ತಿಹಳ್ಳಿಯ ಬಸದಿಗಳವರೆಗೆ ನಡೆದುಹೋಗಿ, ಒಂದು ಗಂಟೆ ಬಿಟ್ಟು ಬಂದರು. ಅವತ್ತು ನಾವು ಮತ್ತೆ ಮೊದಲಿನಿಂದ ಕೂತು ಯೋಚಿಸಬೇಕಾಯಿತು. ಇಟ್ಟುಕೊಂಡೆವು. ಮಗನಿಗೆ, ತಿನ್ನುವ ನಾಯಿಯ ಹತ್ತಿರ ಹೋಗಬಾರದೆಂದು ಮೊದಲೇ ಸರಿಯಾಗಿ ಹೇಳಿಕೊಡದೆ ಇದ್ದವರು ನಾವೇ. ಬೇರೆ ಯಾರಾದರೂ ನನ್ನ ಹತ್ತಿರ ಬಂದು ಸಲಹೆ ಕೇಳಿದ್ದರೆ ಬೇಡ ಎಂದೇ ಹೇಳುತ್ತಿದ್ದೆನೇನೋ.

ಎರಡು ಸಾವಿರದ ಈಚೆಗೆ ಇವರಿಗೆ ಅರಸೀಕೆರೆಗೆ ವರ್ಗವಾಯಿತು. ಸಾಮಾನಿನ ಟೆಂಪೋದಲ್ಲಿ ನಾಯಿಯೂ ಬಂತು, ಮಗಳ ಕಾಲ ಮೇಲೆ ತಲೆಯಿಟ್ಟುಕೊಂಡು. ರೈಲ್ವೆ ಗೇಟಿನ ಹತ್ತಿರ ನೋಡಿದ ಬಾಡಿಗೆ ಮನೆಯ ಯಜಮಾನರು ಅದನ್ನು ಕಂಡು ಬಾಗಿಲಲ್ಲೇ ನಿಂತರು. ಅವರ ಮೊಮ್ಮಕ್ಕಳು ಹಿಂದೆ ಇದ್ದರು.

“ಮಕ್ಕಳು ಓಡಾಡೋ ಮನೆ ಮೇಷ್ಟ್ರೇ. ಕಚ್ಚುತ್ತಾ?”

ಎಲ್ಲ ನಾಯಿ ಸಾಕಿದವರಂತೆ ಇವರೂ ಇಲ್ಲ ಎನ್ನುತ್ತಾರೆ ಎಂದುಕೊಂಡೆ.

“ಕಚ್ಚುತ್ತೆ” ಎಂದರು ಇವರು. “ನನಗೆ ಎರಡು ಸಲ, ಮಗನಿಗೆ ಒಂದು ಸಲ ಕಚ್ಚಿದೆ. ತಿನ್ನುವಾಗ ಹತ್ತಿರ ಹೋಗಬಾರದು. ಅದರ ಮುಂದೆ ಕೋಲು ಎತ್ತಬಾರದು, ಅದಕ್ಕಾಗಲಿ ಮಕ್ಕಳಿಗಾಗಲಿ.”

ಯಜಮಾನರು ಮೊಮ್ಮಕ್ಕಳ ಕಡೆ ತಿರುಗಿ ನೋಡಿ, “ಹಿತ್ತಲಿಗೆ ಒಂದು ಗೇಟು ಹಾಕಿಸ್ಕೊಳ್ಳಿ” ಎಂದರು. ಹಾಕಿಸಿಕೊಂಡೆವು. ಆ ಮನೆಯಲ್ಲಿ ಅದು ಇನ್ನೂ ಐದು ವರ್ಷ ಬದುಕಿತು.